ಹೆಗ್ಗಾಲಣಬೆ: ಕೊಡೆ ನೋಡಿ ಕೀಳಬೇಡಿ, ಬುಡ ಅಗೆದು ಗುರುತಿಸಿ

ಮಳೆ ಹಿಡಿದೊಡನೆ ನನ್ನ ಮೊಬೈಲಿಗೆ ಅಣಬೆಯ ಚಿತ್ರಗಳು ಬರತೊಡಗುತ್ತವೆ. ನೆಂಟರು, ನೆಂಟರ ಮಕ್ಕಳು, ಹೊಸದಾಗಿ ತೋಟ ಕೊಂಡು ಊರಿಗೆ ಬಂದವರು ಎಲ್ಲರದೂ ಒಂದೇ ಪ್ರಶ್ನೆ: ಇದನ್ನು ತಿನ್ನಬಹುದೇ? ಚಿತ್ರವೂ ಹೆಚ್ಚು ಕಡಿಮೆ ಒಂದೇ. ನಿಂತಲ್ಲಿಂದಲೇ ಬಗ್ಗಿ ತೆಗೆದ ಬಿಳಿ ಕೊಡೆ, ಸುತ್ತ ಒದ್ದೆ ದರಗು. ಅಂಥ ಚಿತ್ರಕ್ಕೆ ನಾನು ಹೌದು ಎಂದೂ ಹೇಳುವುದಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ. ಬುಡ ಅಗೆದು, ಕೊಡೆಯ ಕೆಳಭಾಗ ಕಾಣುವಂತೆ ಮಲಗಿಸಿ ತೋರಿಸಿ ಎಂದು ಕೇಳುತ್ತೇನೆ. ಅಷ್ಟರಲ್ಲಿ ಹೆಚ್ಚಿನವರು ಅದನ್ನು ಕಿತ್ತು ಮನೆಗೆ ತಂದಾಗಿರುತ್ತದೆ, ಬುಡ ಕಾಡಿನಲ್ಲೇ ಉಳಿದಿರುತ್ತದೆ. ಹಾಗಿದ್ದರೆ ಎಸೆದುಬಿಡಿ ಎನ್ನುತ್ತೇನೆ. ಬೇಸರಪಟ್ಟುಕೊಳ್ಳುತ್ತಾರೆ, ಪಟ್ಟುಕೊಳ್ಳಲಿ.

ಇದು ಹಠವಲ್ಲ. ಕಾಡಿನ ಅಣಬೆಗಳಲ್ಲಿ ಪ್ರಾಣ ತೆಗೆಯುವಂಥ ಹಲವು ಅಮಾನಿಟಾ ಎಂಬ ಕುಲದಲ್ಲಿವೆ. ಆ ಕುಲದ ಅಣಬೆ ಎಳೆಯದಿದ್ದಾಗ ಮೊಟ್ಟೆಯಾಕಾರದ ಪೊರೆಯೊಳಗೆ ಇರುತ್ತದೆ. ಕಾಲು ಉದ್ದವಾದಂತೆ ಪೊರೆ ಹರಿದು, ಕೆಳಗಿನ ಅರ್ಧ ಚೀಲವಾಗಿ ಬುಡದ ಸುತ್ತ ಮಣ್ಣಿನಲ್ಲೇ ಉಳಿಯುತ್ತದೆ. ಕೊಡೆಯನ್ನು ಹಿಡಿದು ಎಳೆದರೆ ಕಾಲು ಕಿತ್ತು ಬರುತ್ತದೆ, ಚೀಲ ಬರುವುದಿಲ್ಲ. ಕೈಗೆ ಬಂದದ್ದು ಬಿಳಿ ಕೊಡೆ, ಅದರಡಿ ಬಿಳಿ ಪದರಗಳು, ಕಾಲಿಗೊಂದು ಬಳೆ. ಅದನ್ನು ನೋಡಿದವರು ತಿನ್ನುವ ಹೆಗ್ಗಾಲಣಬೆ ಎಂದೇ ತಿಳಿಯುತ್ತಾರೆ. ನಿಜವಾದ ಹೆಗ್ಗಾಲಣಬೆಯ ಮುಖ್ಯ ಗುರುತಾದ ಉದ್ದನೆಯ ಬಾಲವೂ ಮಣ್ಣಿನೊಳಗೇ ಇದೆ. ತಿನ್ನುವುದರ ಗುರುತು, ಕೊಲ್ಲುವುದರ ಗುರುತು ಎರಡೂ ಅದೇ ಒಂದು ಗೇಣು ಕೆಸರಿನಲ್ಲಿ ಇರುವಾಗ ಮೇಲಿನಿಂದ ತೆಗೆದ ಚಿತ್ರದಿಂದ ಏನು ಹೇಳಲು ಸಾಧ್ಯ?

ಕೊಪ್ಪದ ಕಡೆಯ ಅಡಿಕೆ ತೋಟ, ತೋಟದ ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ಗದ್ದೆಯಂಚು. ನಾನು ಅಣಬೆ ಕಲಿತದ್ದು ಈ ಮೂರು ಜಾಗಗಳಲ್ಲಿ, ನಮ್ಮ ಅತ್ತೆಯಿಂದ. ಬುಡ ಮುರಿದ ಅಣಬೆಯನ್ನು ಅವರು ಅಡುಗೆಮನೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಕಾರಣ ಕೇಳಿದರೆ ವಿವರಿಸುವ ಅಭ್ಯಾಸ ಅವರಿಗಿರಲಿಲ್ಲ. ಕಾರಣವನ್ನು ನಾನು ಪುಸ್ತಕಗಳಿಂದ ತಿಳಿದುಕೊಂಡೆ, ರೂಢಿ ಮಾತ್ರ ಅವರದೇ.

ಆ ಉದ್ದನೆಯ ಬಾಲ ಎಲ್ಲಿಗೆ ಹೋಗುತ್ತದೆ?

ಹೆಗ್ಗಾಲಣಬೆ, ಅಂದರೆ ಹುತ್ತದ ಅಣಬೆ, ಟರ್ಮಿಟೊಮೈಸಿಸ್ ಎಂಬ ಕುಲಕ್ಕೆ ಸೇರಿದ್ದು. ಫ್ರೆಂಚ್ ವಿಜ್ಞಾನಿ ರೋಜೆ ಹೈಮ್ ಈ ಕುಲಕ್ಕೆ ಹೆಸರಿಟ್ಟದ್ದು 1942ರಲ್ಲಿ. ನಮ್ಮಲ್ಲಿ ಸಿಗುವ ದೊಡ್ಡ ಬಿಳಿ ಜಾತಿಗಳಲ್ಲಿ ಒಂದನ್ನು 1979ರಲ್ಲಿ ಮದ್ರಾಸಿನ ಕೆ. ನಟರಾಜನ್ ವಿವರಿಸಿ, ಹೈಮ್ ಅವರ ನೆನಪಿಗೆ ಹೈಮಿಯೈ ಎಂದು ಹೆಸರಿಸಿದರು. ಆಫ್ರಿಕದ ಜಾಂಬಿಯಾದಲ್ಲಿ ಇದೇ ಕುಲದ ಒಂದು ಜಾತಿಯ ಕೊಡೆ ಒಂದು ಮೀಟರಿನಷ್ಟು ಅಗಲವಾಗುತ್ತದೆ. ನಮ್ಮವು ಅಷ್ಟಿಲ್ಲ, ಅಂಗೈಯಗಲ ಸಾಮಾನ್ಯ, ಊಟದ ತಟ್ಟೆಯಗಲ ಅಪರೂಪ.

ಈ ಶಿಲೀಂಧ್ರವನ್ನು ಬೆಳೆಸುವವು ಗೆದ್ದಲುಗಳು. ಒಡೊಂಟೊಟರ್ಮಿಸ್ ಕುಲದ ಗೆದ್ದಲುಗಳು ಒಣ ಎಲೆ, ಕಟ್ಟಿಗೆಗಳನ್ನು ತಿಂದು, ಅರೆ ಜೀರ್ಣವಾದ ಹಿಕ್ಕೆಯಿಂದ ಗೂಡಿನೊಳಗೆ ಸ್ಪಂಜಿನಂಥ ಗಡ್ಡೆಗಳನ್ನು ಕಟ್ಟುತ್ತವೆ. ಶಿಲೀಂಧ್ರ ಆ ಗಡ್ಡೆಯ ಮೇಲೆ ಬೆಳೆದು, ಗೆದ್ದಲಿಗೆ ದಕ್ಕದ ಮರದ ಗಟ್ಟಿ ಅಂಶವನ್ನು ಕರಗಿಸಿಕೊಡುತ್ತದೆ. ಗೆದ್ದಲು ಆ ಗಡ್ಡೆಯನ್ನೂ ಅದರ ಮೇಲೆ ಮೂಡುವ ಸಣ್ಣ ಬಿಳಿ ಮಣಿಗಳನ್ನೂ ತಿನ್ನುತ್ತದೆ. ಈ ಕೊಡುಕೊಳೆ ಶುರುವಾಗಿ ಸುಮಾರು 3 ಕೋಟಿ ವರ್ಷಗಳಾದವು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಮಳೆಗಾಲದಲ್ಲಿ ಆ ಗಡ್ಡೆಯಿಂದ ಹೊರಟ ಮೊಳಕೆ ಗಟ್ಟಿ ಮಣ್ಣನ್ನು ಕೊರೆದು ಮೇಲೆ ಬರಬೇಕು. ಆ ದಾರಿಯೇ ನಾವು ನೋಡುವ ಬಾಲ. ಅಂದರೆ ಕಾಲು ನೆಲದ ಮಟ್ಟಕ್ಕೆ ಮುಗಿಯದೆ, ಸಪೂರವಾಗುತ್ತ ಗೂಡಿನವರೆಗೂ ಇಳಿದಿರುತ್ತದೆ. ಗೂಡು ಆಳದಲ್ಲಿದ್ದರೆ ಬಾಲ ಎರಡು ಅಡಿ ದಾಟಿದರೂ ಆಶ್ಚರ್ಯವಿಲ್ಲ.

ಹುತ್ತ ಕಂಡಲ್ಲಿ ಮಾತ್ರ ಹುಡುಕಬೇಡಿ ಎಂದು ನಾನು ಹೇಳುವುದೂ ಇದಕ್ಕೇ. ಎಲ್ಲ ಗೂಡುಗಳೂ ನೆಲದ ಮೇಲೆ ಗೋಪುರ ಕಟ್ಟುವುದಿಲ್ಲ. ಎಷ್ಟೋ ಗೂಡುಗಳು ಪೂರ್ತಿ ನೆಲದೊಳಗೇ ಇರುತ್ತವೆ. ಗದ್ದೆಯಂಚಿನ ದರೆ, ಹಳೆಯ ಕಣದ ಬದಿ, ಸೊಪ್ಪಿನ ಬೆಟ್ಟದ ಕಾಲುದಾರಿ, ತೋಟದ ಬೇಲಿಯ ಬುಡ ಇವೆಲ್ಲ ಒಳ್ಳೆಯ ಜಾಗಗಳು. ಮೊದಲ ಮಳೆಗೆ ರೆಕ್ಕೆಯ ಗೆದ್ದಲು ನೆಲದಿಂದ ಎದ್ದು ದೀಪಕ್ಕೆ ಮುತ್ತುತ್ತದಲ್ಲ, ಅದು ಯಾವ ತೂತಿನಿಂದ ಹೊರಟಿತೆಂದು ಗುರುತು ಹಾಕಿಟ್ಟುಕೊಳ್ಳಿ. ಒಂದೆರಡು ತಿಂಗಳ ಬಳಿಕ ಅದೇ ಸುತ್ತಿನಲ್ಲಿ ಅಣಬೆ ಏಳುವ ಸಂಭವ ಹೆಚ್ಚು. ನಮ್ಮ ಕಡೆ ಪುನರ್ವಸು, ಪುಷ್ಯ ಮಳೆಗಳ ಹೊತ್ತಿಗೆ, ಅಂದರೆ ಹೆಚ್ಚುಕಡಿಮೆ ಜುಲೈ ತಿಂಗಳಲ್ಲಿ, ಜಡಿಮಳೆ ಒಂದೆರಡು ದಿನ ಬಿಡುವು ಕೊಟ್ಟು ಬಿಸಿಲು ಕಂಡಾಗ, ನಾನು ಬೆಳಿಗ್ಗೆ ಬೇಗ ಒಂದು ಸುತ್ತು ಹಾಕುತ್ತೇನೆ. ಕೊಡಗಿನವರಿಗೂ ಜುಲೈ ನಡುವಿನಿಂದ ಬರುವ ಕಕ್ಕಡ ತಿಂಗಳೆಂದರೆ ಕುಮ್ಮು ಕರಿಯ, ಅಂದರೆ ಅಣಬೆ ಸಾರಿನ, ಕಾಲ. ಗೂಡು ಜೀವಂತವಾಗಿದ್ದರೆ ಮುಂದಿನ ವರ್ಷಗಳಲ್ಲೂ ಅದೇ ಜಾಗದಲ್ಲಿ ಏಳುತ್ತದೆ.

ಅಗೆಯುವ ಬಗೆ

ಗುದ್ದಲಿ ಬೇಡ. ಕಿರಿದಾದ ಕುರ್ಚಿಗೆ ಅಥವಾ ತುದಿ ಚೂಪು ಮಾಡಿದ ಬಿದಿರಿನ ಸೀಳು ಸಾಕು. ಗುಂಪಿನ ಅಂಚಿನಲ್ಲಿರುವ, ಪೂರ್ತಿ ಅರಳಿದ ಒಂದು ಅಣಬೆಯನ್ನು ಆರಿಸಿಕೊಳ್ಳಿ. ಕಾಲಿನಿಂದ ನಾಲ್ಕೈದು ಬೆರಳು ದೂರದಲ್ಲಿ ಸೀಳನ್ನು ನೇರವಾಗಿ ಇಳಿಸಿ, ಒಂದು ಪಕ್ಕದ ಮಣ್ಣನ್ನು ಮಾತ್ರ ತೆಗೆಯುತ್ತ ಬನ್ನಿ. ಆಗ ಕಾಲು ಇನ್ನೊಂದು ಪಕ್ಕದ ಮಣ್ಣಿಗೆ ಒರಗಿ ನಿಂತಿರುತ್ತದೆ, ಮುರಿಯುವುದಿಲ್ಲ. ಎರಡು ಮೂರು ಅಂಗುಲದಲ್ಲಿ ಬುಡ ಗುಂಡಗೆ ಉಬ್ಬಿ ಮುಗಿದುಬಿಟ್ಟರೆ, ಅಥವಾ ಸುತ್ತ ಸಡಿಲ ಬಿಳಿ ಪೊರೆ, ಚೀಲ, ಹರಿದ ಬಟ್ಟಲಿನಂಥದ್ದು ಕಂಡರೆ ಅಲ್ಲಿಗೇ ನಿಲ್ಲಿಸಿ. ಇಡೀ ಗುಂಪನ್ನು ಬಿಟ್ಟು ಬನ್ನಿ. ಬುಡ ಉಬ್ಬದೆ, ಮೊದಲು ಒಂದಿಷ್ಟು ದಪ್ಪಗಿದ್ದು ಆಮೇಲೆ ಸಪೂರವಾಗುತ್ತ ಒಂದು ಗೇಣು ಇಳಿದರೂ ಮುಗಿಯದಿದ್ದರೆ ಮೊದಲ ಗುರುತು ಸಿಕ್ಕಿತು.

ಇನ್ನೂ ಕೆಳಗೆ ಹೋಗಬೇಡಿ. ಸ್ಪಂಜಿನಂಥ ಗಡ್ಡೆ, ಬಿಳಿ ಮಣಿಗಳು, ಓಡಾಡುವ ಗೆದ್ದಲು ಕಂಡರಂತೂ ಕೂಡಲೇ ಮಣ್ಣು ಮುಚ್ಚಿ ಕೈಯಿಂದ ಒತ್ತಿ, ಮೇಲೆ ದರಗು ಎಳೆದುಬಿಡಿ. ಗುರುತಿಗಾಗಿ ಅಗೆಯುವುದು ಗುಂಪಿಗೆ ಒಂದನ್ನು ಮಾತ್ರ. ಉಳಿದವುಗಳ ಬುಡದ ಮಣ್ಣನ್ನು ಮೂರು ಅಂಗುಲಕ್ಕಿಂತ ಆಳಕ್ಕೆ ಸರಿಸಿ, ಪ್ರತಿಯೊಂದರ ಕಾಲೂ ಕೆಳಕ್ಕೆ ಸಾಗಿದೆಯೇ ಎಂದು ಕಣ್ಣಿನಿಂದ ನೋಡಿ, ಅಲ್ಲಿ ಕತ್ತಿಯಿಂದ ಕೊಯ್ದುಕೊಳ್ಳಿ. 'ಪ್ರತಿಯೊಂದರ' ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಒಳ್ಳೆಯ ಗುಂಪಿನ ನಡುವೆ ಬೇರೆ ಜಾತಿಯ ಒಂದು ಅಣಬೆ ಎದ್ದಿರುವುದು ಕಾಡಿನಲ್ಲಿ ಅಸಾಧ್ಯವಲ್ಲ.

ಹುತ್ತದ ತೂತಿಗೆ ಕೈ ಹಾಕಬಾರದು, ಮೇಲೆ ಹತ್ತಬಾರದು. ನಾಗರಹಾವು ಹುತ್ತದಲ್ಲಿ ಇರುವುದು ಬರಿಯ ಕತೆಯಲ್ಲ. ಪೂಜೆ ನಡೆಯುವ ಹುತ್ತ, ನಾಗಬನಗಳ ಸುತ್ತ ಏನನ್ನೂ ಕೀಳಬಾರದೆಂಬ ನಡವಳಿಕೆಯನ್ನು ಹೊರಗಿನಿಂದ ಬಂದವರೂ ಗೌರವಿಸಬೇಕು. ಗೂಡುಗಳು ಉಳಿದಿರುವುದು ಎಷ್ಟೋ ಕಡೆ ಆ ಭಯಭಕ್ತಿಯಿಂದಲೇ.

ಬಾಲವೊಂದೇ ಸಾಲದು

ಅತ್ತೆಯ ರೂಢಿಗೆ ನಾನು ಸೇರಿಸಿಕೊಂಡದ್ದು ಇದು. ಉದ್ದ ಬಾಲ ಬೇರೆ ಅಣಬೆಗೂ ಇರುತ್ತದೆ. ಮಣ್ಣಿನಲ್ಲಿ ಹೂತ ಮರದ ಬೇರಿನಿಂದ ಏಳುವ ಒಂದು ಕಾಡು ಅಣಬೆಗೆ ಥೇಟ್ ಇಂಥದೇ ಬಾಲ. ಆದರೆ ಅದರ ಕೊಡೆ ಮಳೆಯಲ್ಲಿ ಲೋಳೆ ಲೋಳೆ, ಕೆಳಗಿನ ಪದರಗಳು ವಿರಳ. ಹುತ್ತದ ಮೇಲೆ ನಿಂತದ್ದೆಲ್ಲ ಹುತ್ತದ ಅಣಬೆಯೂ ಅಲ್ಲ. ಬಯಲುಸೀಮೆಯ ಹುತ್ತಗಳ ಮೇಲೆ ಕೊಡೆ ಬಿಚ್ಚದ, ಬಲಿತಾಗ ಒಳಗೆಲ್ಲ ಕಪ್ಪು ಪುಡಿಯಾಗುವ ಬೇರೊಂದು ಅಣಬೆ ಏಳುತ್ತದೆ. ಸತ್ತ ಗೂಡಿನಿಂದ ಕಪ್ಪು ಬೆರಳುಗಳಂಥವು ಏಳುತ್ತವೆ. ಆದ್ದರಿಂದ ಎಲ್ಲ ಗುರುತುಗಳೂ ಒಟ್ಟಿಗೆ ಕೂಡಿ ಬರಬೇಕು, ಒಂದು ತಪ್ಪಿದರೂ ಬಿಡಬೇಕು.

ಕೊಡೆಯ ನೆತ್ತಿಯನ್ನು ನೋಡಿ. ಮಣ್ಣು ಕೊರೆದು ಬಂದದ್ದಕ್ಕೆ ಅಲ್ಲಿ ಗಟ್ಟಿಯಾದ ಒಂದು ಮೊನೆ ಇರುತ್ತದೆ. ಕೆಲವು ಜಾತಿಗಳಲ್ಲಿ ಚೂಪು, ಕೆಲವುಗಳಲ್ಲಿ ಅಗಲವಾದ ಗುಬುಟು, ಬಣ್ಣ ಸುತ್ತಲಿಗಿಂತ ಕಡು. ಬೂದು ಅಥವಾ ಕಂದು. ಬೆರಳಿನಿಂದ ಒತ್ತಿದರೆ ಉಳಿದ ಕೊಡೆಗಿಂತ ಬಿಗಿ. ಕೊಡೆ ಬಲಿತಂತೆ ಅಂಚು ಸೀಳುತ್ತದೆ. ಇಡೀ ಕೊಡೆ ಕಂದಾಗಿರುವ ಜಾತಿಗಳೂ ಇವೆ, ಬಿಳುಪೇ ಆಗಬೇಕೆಂದಿಲ್ಲ.

ಮಗುಚಿ ನೋಡಿ. ಪದರಗಳು ಒತ್ತೊತ್ತಾಗಿರಬೇಕು, ಕಾಲಿಗೆ ಅಂಟಿರಬಾರದು. ಕಾಲಿನ ಸುತ್ತ ಸಣ್ಣ ಕಾಲುವೆಯಷ್ಟು ಖಾಲಿ ಜಾಗ ಕಾಣಬೇಕು. ಎಳೆಯದರಲ್ಲಿ ಪದರ ಬಿಳಿ, ಬಲಿತಂತೆ ಕೆನೆಗುಲಾಬಿ. ಉದ್ದಕ್ಕೆ ಸೀಳಿದರೆ ಕಾಲು ನಾರು ನಾರಾಗಿ ತುಂಬಿಕೊಂಡಿರಬೇಕು, ತಿರುಳು ಬಿಳಿಯಾಗಿದ್ದು ಗಾಳಿಗೆ ಬಣ್ಣ ಬದಲಿಸಬಾರದು.

ಕಾಲಿನ ಬಳೆಯ ಬಗ್ಗೆ ಒಂದು ಮಾತು. ಬಳೆ ಇದ್ದರೆ ವಿಷ, ಇಲ್ಲದಿದ್ದರೆ ಒಳ್ಳೆಯದು ಎಂದು ಹೇಳುವವರಿದ್ದಾರೆ. ಎರಡೂ ತಪ್ಪು. ನಮ್ಮ ದೊಡ್ಡ ಹೈಮಿಯೈ ಜಾತಿಗೆ ದಪ್ಪನೆಯ ಬಳೆ ಇರುತ್ತದೆ, ಅದರ ಬಂಧುಗಳಲ್ಲಿ ಹಲವಕ್ಕೆ ಇರುವುದಿಲ್ಲ. ಬಳೆಯಿಂದ ಏನನ್ನೂ ತೀರ್ಮಾನಿಸಬೇಡಿ.

ಮೊಗ್ಗುಗಳ ಆಸೆ ಎಲ್ಲರಿಗೂ ಇದೆ, ರುಚಿಯೂ ಅವುಗಳದೇ ಹೆಚ್ಚು. ಹೆಗ್ಗಾಲಣಬೆಯ ಮೊಗ್ಗು ಭರ್ಜಿಯಂತೆ ಮೊನಚಾಗಿ ಮೇಲೇಳುತ್ತದೆ. ಗುಂಡಗೆ ಮೊಟ್ಟೆಯಂತಿರುವುದನ್ನು ಎಂದೂ ತರಬೇಡಿ. ಅಂಥದ್ದನ್ನು ನಡುವೆ ಸೀಳಿದರೆ ಪೊರೆಯೊಳಗೆ ಮುದುಡಿದ ಪುಟ್ಟ ಅಣಬೆಯ ಆಕಾರ ಕಾಣುತ್ತದೆ. ಅದು ಅಮಾನಿಟಾ ಇರಬಹುದು. ಹೊಸಬರು ಮೊಗ್ಗನ್ನು ಕೊಯ್ಯುವುದಾದರೆ, ಪಕ್ಕದಲ್ಲೇ ಅರಳಿದ ಅಣಬೆ ನಿಂತು ತನ್ನ ಎಲ್ಲ ಗುರುತುಗಳನ್ನೂ ತೋರಿಸಿದ್ದರೆ ಮಾತ್ರ.

ಇನ್ನು ಮೋಸ ಮಾಡುವ ದೊಡ್ಡ ಬಿಳಿ ಅಣಬೆ ಒಂದಿದೆ, ಬೆಂಗಳೂರಿನವರೂ ತಿಳಿದಿರಬೇಕಾದದ್ದು. ಉದ್ಯಾನದ ಹುಲ್ಲುಹಾಸು, ಶಾಲೆಯ ಆಟದ ಮೈದಾನ, ಸಗಣಿಗೊಬ್ಬರ ಹಾಕಿದ ಬಯಲುಗಳಲ್ಲಿ ಮಳೆ ಬಂದ ಮರುದಿನವೇ ವೃತ್ತಾಕಾರವಾಗಿ ಏಳುತ್ತದೆ. ಕೊಡೆಯ ಮೇಲೆ ಕಂದು ಹಕ್ಕಳೆಗಳು, ಕಾಲಿಗೆ ಮೇಲೆ ಕೆಳಗೆ ಜಾರುವ ಬಳೆ, ಬುಡದಲ್ಲಿ ಸಣ್ಣ ಗಡ್ಡೆ, ಬಾಲ ಇಲ್ಲ. ಹೆಸರು ಕ್ಲೋರೊಫಿಲ್ಲಮ್ ಮೊಲಿಬ್ಡೈಟಿಸ್. ಎಳೆಯದಿದ್ದಾಗ ಇದರ ಪದರವೂ ಬಿಳಿಯೇ. ಬಲಿತ ಮೇಲೆ ಪಾಚಿಬಣ್ಣಕ್ಕೆ ತಿರುಗುತ್ತದೆ. ತಿಂದ ಒಂದೆರಡು ಗಂಟೆಗಳಲ್ಲೇ ವಾಂತಿ ಭೇದಿ ಶುರುವಾಗಿ ಆಸ್ಪತ್ರೆ ಸೇರುವಂತೆ ಮಾಡುತ್ತದೆ. ಹುಲ್ಲುಹಾಸಿನ ಯಾವ ದೊಡ್ಡ ಬಿಳಿ ಅಣಬೆಯನ್ನೂ ತಿನ್ನಬೇಡಿ ಎಂಬುದು ನನ್ನ ನೇರ ಸಲಹೆ.

ರಾತ್ರಿಯ ಪರೀಕ್ಷೆ

ಅರಳಿದ ಒಂದು ಕೊಡೆಯ ಕಾಲನ್ನು ಪದರಗಳ ಮಟ್ಟಕ್ಕೆ ಕತ್ತರಿಸಿ. ಒಂದು ಬಿಳಿ ಕಾಗದ, ಒಂದು ಕಪ್ಪು ಕಾಗದ ಪಕ್ಕಪಕ್ಕ ಅಂಟಿಸಿ, ಎರಡರ ಮೇಲೂ ಅರ್ಧರ್ಧ ಬರುವಂತೆ ಕೊಡೆಯನ್ನು ಮಗುಚದೆ ಪದರ ಕೆಳಗಾಗಿ ಇಡಿ. ಮೇಲೆ ಸ್ಟೀಲಿನ ಬಟ್ಟಲು ಬೋರಲು ಹಾಕಿ ಬೆಳಗಿನವರೆಗೆ ಬಿಡಿ. ಕೊಡೆ ಎತ್ತಿದಾಗ ಕಾಗದದ ಮೇಲೆ ಉದುರಿದ ಬೀಜಾಣುಗಳ ಅಚ್ಚು ಇರುತ್ತದೆ. ಹೆಗ್ಗಾಲಣಬೆಯದು ಮಾಸಲು ಗುಲಾಬಿ. ಅಮಾನಿಟಾದ್ದು ಬಿಳಿ, ಕಪ್ಪು ಕಾಗದದ ಮೇಲೆ ಎದ್ದು ಕಾಣುತ್ತದೆ. ಹುಲ್ಲುಹಾಸಿನದು ಹಸಿರು. ಲೋಳೆ ಕೊಡೆಯ ಬಾಲದ ಅಣಬೆಯದೂ ಬಿಳಿ.

ಗುಲಾಬಿ ಕಂಡೊಡನೆ ಒಲೆ ಹಚ್ಚಬೇಡಿ. ಎಂಟೊಲೋಮಾ ಎಂಬ ಕುಲದ ಅಣಬೆಗಳ ಅಚ್ಚೂ ಗುಲಾಬಿಯೇ, ಅವುಗಳಲ್ಲಿ ವಿಷದವಿವೆ. ಅವುಗಳ ಪದರ ಸಾಮಾನ್ಯವಾಗಿ ಕಾಲಿಗೆ ಅಂಟಿರುತ್ತದೆ, ಮಣ್ಣಿನಲ್ಲಿ ಹುತ್ತಕ್ಕೆ ಇಳಿಯುವ ಬಾಲ ಇರುವುದಿಲ್ಲ. ಒಣಹುಲ್ಲಿನ ಮೇಲೆ ಏಳುವ ಭತ್ತದ ಹುಲ್ಲಿನ ಅಣಬೆಯ ಅಚ್ಚೂ ಗುಲಾಬಿ. ಅದು ತಿನ್ನುವಂಥದ್ದೇ, ಆದರೆ ಬುಡದಲ್ಲಿ ಚೀಲವಿದೆ. ಚೀಲವಿರುವ ಯಾವುದನ್ನೂ ಕಾಡಿನಿಂದ ತರಬಾರದು ಎಂಬ ನಿಯಮವನ್ನು ಅದಕ್ಕಾಗಿ ಸಡಿಲಿಸಬೇಡಿ. ಹೀಗೆ ಬಾಲ, ಮೊನೆ, ಕಾಲಿಗಂಟದ ಪದರ, ಗುಲಾಬಿ ಅಚ್ಚು, ಚೀಲವಿಲ್ಲದ ಬುಡ ಒಂದನ್ನೊಂದು ಕಾಯುತ್ತವೆ.

ಹುತ್ತದ ಅಣಬೆ ಒಂದು ದಿನ ಇಟ್ಟರೆ ಹುಳ ಬೀಳುತ್ತದೆ, ರಾತ್ರಿಯಿಡೀ ಕಾಯುವುದು ಹೇಗೆ ಎಂದು ಕೇಳುತ್ತಾರೆ. ನನ್ನ ಉತ್ತರ ಎಲ್ಲರಿಗೂ ಹಿಡಿಸುವುದಿಲ್ಲ: ಹೊಸ ಜಾಗದಲ್ಲಿ ಮೊದಲ ವರ್ಷ ತಿನ್ನಲೇಬೇಡಿ. ಅಗೆದು ನೋಡಿ, ಅಚ್ಚು ತೆಗೆಯಿರಿ, ಜಾಗ, ಮಳೆ ನಕ್ಷತ್ರ, ದಿನಾಂಕಗಳನ್ನು ಬರೆದಿಡಿ. ಊರಿನಲ್ಲಿ ದಶಕಗಳಿಂದ ಅಣಬೆ ಕೊಯ್ದು ಉಂಡವರನ್ನು ಆ ಜಾಗಕ್ಕೇ ಕರೆದೊಯ್ದು ತೋರಿಸಿ. ಅಣಬೆಯನ್ನು ಅವರ ಬಳಿಗೆ ಒಯ್ಯಬೇಡಿ, ಅವರನ್ನು ಅಣಬೆಯ ಬಳಿಗೆ ಕರೆದೊಯ್ಯಿರಿ. ಮರುವರ್ಷ ಅದೇ ಜಾಗದಲ್ಲಿ ಅದೇ ಗುರುತುಗಳೊಂದಿಗೆ ಎದ್ದರೆ ಧೈರ್ಯವಾಗಿ ಕೊಯ್ಯಬಹುದು.

ಅಡುಗೆಮನೆಯ ಪರೀಕ್ಷೆಗಳನ್ನು ದಯವಿಟ್ಟು ಮರೆತುಬಿಡಿ. ಬೆಳ್ಳಿ ನಾಣ್ಯ ಕಪ್ಪಾಗುವುದು, ಬೆಳ್ಳುಳ್ಳಿ ನೀಲಿಯಾಗುವುದು, ಅಕ್ಕಿ ಅಥವಾ ಅರಿಶಿನ ಬಣ್ಣ ತಿರುಗುವುದು ಯಾವುದಕ್ಕೂ ಅಮಾನಿಟಾದ ವಿಷದೊಂದಿಗೆ ಸಂಬಂಧವಿಲ್ಲ. ಗೊಂಡೆಹುಳು ತಿಂದಿದೆ, ಆದ್ದರಿಂದ ನಾವೂ ತಿನ್ನಬಹುದು ಎನ್ನುವುದು ಇನ್ನೂ ಅಪಾಯ. ಹುಳುವಿಗೆ ಏನೂ ಮಾಡದ ವಿಷ ಮನುಷ್ಯನ ಪಿತ್ತಜನಕಾಂಗವನ್ನು, ಅಂದರೆ ಯಕೃತ್ತನ್ನು, ಕೆಡಿಸಬಲ್ಲದು. ಕುದಿಸಿದರೂ ಒಣಗಿಸಿದರೂ ಆ ವಿಷ ಹೋಗುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡು ಅಣಬೆ ತಿಂದು ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಹೆಚ್ಚಿನವರು ಚಹಾತೋಟಗಳ ಕೆಲಸಗಾರರ ಕುಟುಂಬದವರು. ಅಣಬೆಯನ್ನು ಊಟವೆಂದು ಬಲ್ಲ ಜನರೇ ಅವರು. ಆ ಸುದ್ದಿ ಓದಿದ ಮೇಲೆ ನನ್ನ ಮಾತು ಇನ್ನೂ ಗಡುಸಾಯಿತು.

ಕೊಯ್ಯುವ ಜಾಗವನ್ನೂ ಯೋಚಿಸಬೇಕು. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಲ್ಲಿ ಏನನ್ನೂ ಕೊಯ್ಯುವಂತಿಲ್ಲ. ಅಡಿಕೆಗೆ ಕೊಳೆರೋಗ ಬಾರದಂತೆ ಮೈಲುತುತ್ತ, ಸುಣ್ಣದ ಬೋರ್ಡೊ ದ್ರಾವಣ ಹೊಡೆಯುವುದು ಸರಿಯಾಗಿ ಅಣಬೆಯ ಕಾಲದಲ್ಲೇ. ಮರದಿಂದ ತೊಟ್ಟಿಕ್ಕಿದ್ದು ಬುಡದ ಅಣಬೆಗೆ ಬೀಳುತ್ತದೆ. ಔಷಧಿ ಹೊಡೆದ ತೋಟದೊಳಗಿನದನ್ನು, ಕಳೆನಾಶಕ ಬಿದ್ದ ಬೇಲಿಯಂಚಿನದನ್ನು, ಹೆದ್ದಾರಿ ಬದಿಯದನ್ನು ಬಿಡಿ. ಗೆದ್ದಲಿಗೆಂದು ವಿಷ ಸುರಿದ ತೋಟದಲ್ಲಿ ಗೂಡೂ ಸಾಯುತ್ತದೆ, ಅಣಬೆಯೂ ನಿಲ್ಲುತ್ತದೆ. ಇದನ್ನು ಚಿಪ್ಪಿನ ಅಣಬೆಯ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ಬೆಳೆಸಿ ಮಾರುಕಟ್ಟೆಗೆ ತರಲು ಆಗಿಲ್ಲ, ಅದಕ್ಕೆ ಗೆದ್ದಲೇ ಬೇಕು. ತೋಟದಂಚಿನ ಎರಡು ಗೂಡುಗಳನ್ನು ಹಾಗೇ ಬಿಟ್ಟರೆ ನಷ್ಟವಾಗುವುದಿಲ್ಲ ಎಂದು ನೆರೆಯವರಿಗೆ ನಾನು ಪ್ರತಿ ಬೇಸಿಗೆಯಲ್ಲೂ ಹೇಳುತ್ತೇನೆ.

ನುಚ್ಚಣಬೆ, ಅಂದರೆ ಅಕ್ಕಿ ಚೆಲ್ಲಿದ ಹಾಗೆ ನೂರಾರು ಏಳುವ ಪುಟ್ಟ ಬಿಳಿ ಅಣಬೆ, ಇದೇ ಕುಲದ್ದು. ಗೆದ್ದಲು ಹೊರಗೆ ತಂದು ಚೆಲ್ಲಿದ ಗಡ್ಡೆಯ ಚೂರಿನಿಂದ ಅದು ಏಳುವುದರಿಂದ ಉದ್ದ ಬಾಲ ಇರುವುದಿಲ್ಲ. ಈ ಲೇಖನದ ಗುರುತುಗಳನ್ನು ಹಿಡಿದು ಅದನ್ನು ಹುಡುಕಬೇಡಿ. ಬಲ್ಲವರ ಜೊತೆಗೇ ಕಲಿಯಬೇಕು.

ಅಡುಗೆಯ ಮಾತು ಚಿಕ್ಕದು. ಮಣ್ಣು ಹತ್ತಿದ ಬಾಲ ಕತ್ತರಿಸಿ, ಕಾಲಿನ ಸಿಪ್ಪೆ ಹೆರೆದು, ಕೊಡೆಯನ್ನು ಕೈಯಿಂದಲೇ ಸೀಳಿ, ಹುಳವಿದೆಯೇ ನೋಡಿ ತೊಳೆಯಿರಿ. ಹಸಿ ತಿನ್ನಬಾರದು, ಚೆನ್ನಾಗಿ ಬೇಯಬೇಕು. ಹುರಿದ ಕೊತ್ತಂಬರಿ, ಕಾಳುಮೆಣಸು, ತೆಂಗಿನಕಾಯಿ ಅರೆದು ಹಾಕಿದ ಸಾರು, ಬಿಸಿ ಅಕ್ಕಿರೊಟ್ಟಿ ಇದ್ದರೆ ಆ ದಿನ ನಮ್ಮ ಮನೆಯಲ್ಲಿ ಬೇರೇನೂ ಬೇಡ. ಮೊದಲ ಸಲ ತಿನ್ನುವವರು ನಾಲ್ಕು ತುಂಡಿಗೆ ನಿಲ್ಲಿಸಿ. ಒಳ್ಳೆಯ ಅಣಬೆಯೂ ಕೆಲವರ ಹೊಟ್ಟೆಗೆ ಒಗ್ಗುವುದಿಲ್ಲ. ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಹೊಸ ಜಾಗದ ಅಣಬೆ ಕೊಡಬೇಡಿ. ಪ್ರತಿ ಸಲವೂ ಬುಡ ಸಮೇತ ಒಂದು ಹಸಿ ಅಣಬೆಯನ್ನು ಕಾಗದದಲ್ಲಿ ಸುತ್ತಿ, ಚೀಟಿ ಬರೆದು, ಎರಡು ಮೂರು ದಿನ ಫ್ರಿಜ್‌ನಲ್ಲಿ ಇಟ್ಟಿರಿ.

ಊಟವಾಗಿ 6 ರಿಂದ 24 ಗಂಟೆ ಕಳೆದ ಮೇಲೆ ಹೊಟ್ಟೆನೋವು, ವಾಂತಿ, ನೀರಿನಂಥ ಭೇದಿ ಶುರುವಾದರೆ ಅದು ಬೇಗ ಕಾಣಿಸಿಕೊಳ್ಳುವ ವಾಂತಿಗಿಂತ ಹೆಚ್ಚು ಗಂಭೀರ. ನಡುವೆ ಒಂದು ದಿನ ಎಲ್ಲ ಸರಿಹೋದಂತೆ ಕಾಣುತ್ತದೆ, ಒಳಗೆ ಯಕೃತ್ತು ಹಾಳಾಗುತ್ತಿರುತ್ತದೆ. ಆ ಸುಧಾರಣೆಯನ್ನು ನಂಬಿ ಮನೆಯಲ್ಲಿ ಕಾಯಬೇಡಿ, ಕಷಾಯ ಕುಡಿಸುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ, ಸಾಧ್ಯವಾದಷ್ಟು ದೊಡ್ಡ ಆಸ್ಪತ್ರೆಗೆ ಹೊರಡಿ. ಅದೇ ಅಡುಗೆ ಉಂಡ ಎಲ್ಲರೂ, ಏನೂ ಆಗಿಲ್ಲ ಎನ್ನುವವರೂ, ಜೊತೆಗೆ ಹೋಗಬೇಕು. ಏನು ತಿಂದದ್ದು, ಎಷ್ಟು ಗಂಟೆಗೆ ತಿಂದದ್ದು ಎಂದು ವೈದ್ಯರಿಗೆ ಮೊದಲೇ ಹೇಳಿ, ಫ್ರಿಜ್‌ನಲ್ಲಿಟ್ಟ ಆ ಹಸಿ ಅಣಬೆಯನ್ನು ಅವರ ಕೈಗೆ ಕೊಡಿ.